ಸೂಜಿ ಒಂದೀಟು ಈಕಡೆ

ವಿಜಯಪುರದ ನಮ್ಮ ಓಣಿಯ ಬೀದಿದೀಪ ಕೆಟ್ಟು ಹನ್ನೆರಡು ದಿನ ಆಯಿತು. ಪೂರ್ತಿ ಕೆಟ್ಟಿಲ್ಲ. ಹುಡುಗರು ಕಂಬಕ್ಕೆ ಒದ್ದರೆ ಹತ್ತು ನಿಮಿಷ ಉರಿಯುತ್ತದೆ. ಮಳೆಗಾಲದಲ್ಲಿ ಕಬ್ಬಿಣದ ಕಂಬಕ್ಕೆ ಒದೆಯಬೇಡ್ರೋ ಅಂತ ಹೇಳಿ ನನಗಂತೂ ಸಾಕಾಗಿದೆ.

ದೂರು ಕೊಡೋಣ ಅಂತ ಫೋನು ಮಾಡಿದೆ. "ಯಾವ ಕಂಬರೀ?" ಅಂದರು.

"ಉಪ್ಪಲಿ ಬುರುಜಿನ ಹಿಂದ್ರೀ, ಹಿಟ್ಟಿನ ಗಿರಣಿ ಮುಂದ, ಬೇವಿನ ಗಿಡದ ಬಾಜೂಕ."

"ಕಂಬದ ನಂಬರ್ ಹೇಳ್ರೀ."

ಹೋಗಿ ನೋಡಿದರೆ ನಂಬರಿನ ಮೇಲೆ ಟ್ಯೂಷನ್ ಪೋಸ್ಟರು. ಕೆರೆದೆ. ಅದರ ಕೆಳಗೆ ಬೋರ್‌ವೆಲ್ಲಿನದು. ಅದನ್ನೂ ಕೆರೆದೆ. ಹಿಂದಿನ ಚುನಾವಣೆಯ ಅಭ್ಯರ್ಥಿಯೊಬ್ಬರು ಕೈಮುಗಿದು ನಿಂತಿದ್ದರು. ಅಲ್ಲಿಗೆ ಬಿಟ್ಟೆ.

"ಮ್ಯಾಪಿನ್ಯಾಗ ಹಾಕಪ್ಪಾ," ಅಂದಳು ಮಗಳು. ಅಮೆರಿಕದ ಕೆಲವು ವಿದ್ಯುತ್ ಕಂಪನಿಗಳ ನಕ್ಷೆಯಲ್ಲಿ ಒಂದೊಂದು ಬೀದಿದೀಪಕ್ಕೂ ಒಂದೊಂದು ಚುಕ್ಕೆ ಇರುತ್ತದೆ. ನಿಮ್ಮ ಚುಕ್ಕೆ ಒತ್ತಿ, ಉರಿಯುತ್ತಿಲ್ಲವೋ, ಮಿಣುಕುತ್ತಿದೆಯೋ, ಹಗಲೂ ಉರಿಯುತ್ತಿದೆಯೋ ಹೇಳಿದರೆ ಆಯಿತು. ಬ್ರಿಟನ್ನಿನಲ್ಲಿ 2007ರಿಂದಲೇ ಫಿಕ್ಸ್‌ಮೈಸ್ಟ್ರೀಟ್ ಇದೆ. ರಸ್ತೆಯ ಗುಂಡಿಯಾಗಲಿ, ಕೆಟ್ಟ ದೀಪವಾಗಲಿ, ನಕ್ಷೆಯಲ್ಲಿ ಗುರುತು ಹಾಕಿದರೆ ಅದು ಸ್ಥಳೀಯ ಆಡಳಿತಕ್ಕೆ ಹೋಗುತ್ತದೆ. 'ಒದ್ದರೆ ಉರಿಯುತ್ತದೆ' ಅನ್ನೋ ಆಯ್ಕೆ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ.

ಹಿಂದೆ ಸೀಮೆಎಣ್ಣೆ ದೀಪದ ಕಾಲದಲ್ಲಿ ಇದೆಲ್ಲ ಯಾಕೆ ಬೇಕಿತ್ತು? ದೀಪ ಹಚ್ಚುವವನು ಏಣಿ ಹೊತ್ತು ಸಂಜೆ ಸಂಜೆ ಪ್ರತಿ ಕಂಬಕ್ಕೂ ಬರುತ್ತಿದ್ದ. ಯಾವ ದೀಪದ ಗಾಜು ಒಡೆದಿದೆ, ಯಾವುದರ ಬತ್ತಿ ಸಣ್ಣದಾಗಿದೆ, ಅವನ ಕಣ್ಣಿಗೇ ಬೀಳುತ್ತಿತ್ತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬೀದಿದೀಪ ಬಂತು. ಆಮೇಲೆ ಒಂದೊಂದಾಗಿ ಊರುಗಳಿಗೆಲ್ಲ ಬಂತು, ಏಣಿ ಮೂಲೆ ಸೇರಿತು. ಈಗ ಎಲ್ಲೋ ಒಂದು ಡಬ್ಬಿಯಲ್ಲಿ ಟೈಮರು ಟಕ್ ಅಂದರೆ ಸಾಲಿಗೆ ಸಾಲೇ ಉರಿಯುತ್ತದೆ. ಇಡೀ ಸಾಲು ಹೋದರೆ ಡಬ್ಬಿಯಲ್ಲಿ ದೋಷ ಅಂತ ಗೊತ್ತಾಗುತ್ತದೆ. ಒಂದೇ ದೀಪ ಹೋದರೆ? ಅದನ್ನು ತಲೆಯೆತ್ತಿ ನೋಡುವವರು ಆ ಓಣಿಯವರು ಮಾತ್ರ. ಏಣಿಯವನ ಕೆಲಸ ಸುಮ್ನೆ ನಮ್ಮ ತಲೆಗೆ ಬಂದಿದೆ, ಅಲ್ವಾ? ಪಗಾರ ಬಂದಿಲ್ಲ, ಅಷ್ಟೇ.

ನಮ್ಮೂರಿನ ದೂರು ಕೊಡುವ ಆ್ಯಪಿನಲ್ಲಿ ಚುಕ್ಕೆಗಳಿರಲಿಲ್ಲ. ಒಂದು ಕೆಂಪು ಗುಂಡುಸೂಜಿ ಇತ್ತು. ಎಳೆದು ಕಂಬದ ಮೇಲೆ ಚುಚ್ಚಬೇಕು. ನಾನು ಪಡಸಾಲೆಯಲ್ಲಿ ಕೂತೇ ಚುಚ್ಚಿದೆ. ದಪ್ಪ ಕಲ್ಲಿನ ಗೋಡೆಯೊಳಗೆ ಮೊಬೈಲಿಗೆ ಆಕಾಶ ಕಾಣುವುದಿಲ್ಲ, ಜಿಪಿಎಸ್ಸು ಅಡ್ಡಾಡುತ್ತದೆ ಅಂತ ಆಗ ಹೊಳೆಯಲಿಲ್ಲ. 1584ರ ಸುಮಾರಿಗೆ ಕಟ್ಟಿದ ಬುರುಜು ಮನೆಯ ಹಿಂದೆಯೇ ಇದೆ. ಎಂಬತ್ತು ಅಡಿ ಮೇಲೆ ಹತ್ತಿ ನಿಂತು, ಬೆರಳು ಮಾಡಿ ತೋರಿಸಿದ್ದರೆ ಇದಕ್ಕಿಂತ ಸರಿಯಾಗುತ್ತಿತ್ತೇನೋ.

ಮೂರನೇ ದಿನ ಮೆಸೇಜು ಬಂತು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ.' ಹೊರಗೆ ಬಂದು ನೋಡಿದೆ. ಕತ್ತಲೆ. ಹುಡುಗನೊಬ್ಬ ಆಗಲೇ ಕಾಲು ಎತ್ತಿದ್ದ. ಹಿಂದಿನ ಓಣಿ ಮಾತ್ರ ಹಗಲಿನ ಹಾಗೆ ಬೆಳಗುತ್ತಿತ್ತು. ಅಲ್ಲಿಯ ದೀಪ ಹೋಗಿ ಎರಡು ತಿಂಗಳಾಗಿತ್ತಂತೆ. ಯಾರೂ ದೂರು ಕೊಟ್ಟಿರಲಿಲ್ಲ. ಯಾವ ಪುಣ್ಯಾತ್ಮ ಹಾಕಿಸಿದನೋ ಅಂತ ಅಲ್ಲಿಯವರು ಮಾತಾಡಿಕೊಳ್ಳುತ್ತಿದ್ದರು.

ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆ ಕಾಕು ಎಲ್ಲ ಕೇಳಿಸಿಕೊಂಡಳು. "ಛಲೋ ಆತು ಬಿಡು," ಅಂದಳು. "ನಾಳೆ ಆ ಸೂಜಿ ಒಂದೀಟು ಈಕಡೆ ಸರಸಪಾ."