ಎಂಟು ಆಯ, ನಾಲ್ಕು ವ್ಯಯ

ಪಕ್ಕದ ಮನೆಯ ಅಜ್ಜನ ಫ್ರಿಜ್ಜಿನ ಬಾಗಿಲಿಗೆ ಒಂದು ಅಯಸ್ಕಾಂತದ ಪಟ್ಟಿ ಅಂಟಿಕೊಂಡಿದೆ. ವಿಮೆ ಏಜೆಂಟರು ಪುಕ್ಕಟೆ ಹಂಚುವಂಥದ್ದು. ನಮ್ಮ ಕಡೆ ಕಿರಾಣಿ ಅಂಗಡಿಯವರು ಲಕ್ಷ್ಮಿಯ ಚಿತ್ರದ ಕ್ಯಾಲೆಂಡರ್ ಕೊಡುವ ಹಾಗೆ, ಇಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ಊರಿನಲ್ಲಿ ಕಾಲೇಜು ಫುಟ್‌ಬಾಲಿನ ವೇಳಾಪಟ್ಟಿ ಕೊಡುತ್ತಾರೆ. ಹನ್ನೆರಡು ಪಂದ್ಯಕ್ಕೆ ಹನ್ನೆರಡು ಸಾಲು, ಪ್ರತಿ ಸಾಲಿನ ತುದಿಗೆ ಒಂದು ಖಾಲಿ ಚೌಕ. ಪಂದ್ಯ ಮುಗಿದ ಮೇಲೆ ಅಂಕ ಬರೆದುಕೊಳ್ಳಲಿ ಎಂದು ಬಿಟ್ಟ ಜಾಗ ಅದು. ಅಜ್ಜ ಆಗಸ್ಟ್ ಮೊದಲ ವಾರದಲ್ಲೇ ಅದನ್ನು ತುಂಬಿ ಮುಗಿಸಿರುತ್ತಾರೆ.

ತುಂಬುವುದಕ್ಕೂ ಒಂದು ಶಾಸ್ತ್ರವಿದೆ. ನುಣುಪು ಪಟ್ಟಿಯ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲವಾದ್ದರಿಂದ ಮೊದಲು ಪ್ರತಿ ಚೌಕಕ್ಕೂ ಬಿಳಿ ಟೇಪಿನ ಚೂರು ಅಂಟಿಸಬೇಕು. ಖಂಡಿತ ಗೆಲ್ಲುವ ಪಂದ್ಯಕ್ಕೆ ಪೆನ್ನಿನಲ್ಲಿ ಡಬ್ಲ್ಯು. ಗೆದ್ದರೂ ಗೆಲ್ಲಬಹುದು ಎನ್ನುವುದಕ್ಕೆ ಪೆನ್ಸಿಲ್ಲಿನಲ್ಲಿ ಡಬ್ಲ್ಯು. ಸೋಲುವುದು ಎಷ್ಟೇ ಖಚಿತವಿದ್ದರೂ ಎಲ್ ಮಾತ್ರ ಪೆನ್ಸಿಲ್ಲಿನಲ್ಲೇ, ಉಫ್ ಎಂದು ಊದಿದರೆ ಹಾರಿಹೋಗುವಷ್ಟು ತೆಳ್ಳಗೆ. ಕೂಡಿದರೆ ಎಂಟು ಗೆಲುವು, ನಾಲ್ಕು ಸೋಲು. ನಾನು ಈ ಬೀದಿಗೆ ಬಂದ ಮೇಲೆ ಐದು ಆಗಸ್ಟ್ ಕಂಡಿದ್ದೇನೆ, ಐದೂ ಸಲ ಎಂಟು-ನಾಲ್ಕೇ. ಯುಗಾದಿ ಪಂಚಾಂಗದಲ್ಲಿ ರಾಶಿಗೆ ಇಷ್ಟು ಆಯ, ಇಷ್ಟು ವ್ಯಯ ಎಂದು ಬರೆದಿರುತ್ತಾರಲ್ಲ, ಆ ಲೆಕ್ಕ. ಆದರೆ ಪಂಚಾಂಗದವರು ಒಮ್ಮೊಮ್ಮೆ ಆಯ ಎರಡು, ವ್ಯಯ ಹದಿನಾಲ್ಕು ಎಂದು ಬರೆದು ಬೇವುಬೆಲ್ಲ ಬಾಯಲ್ಲಿರುವಾಗಲೇ ಎದೆ ಒಡೆಯುತ್ತಾರೆ. ಅಜ್ಜನಿಗೆ ಆ ಕೈ ಬರುವುದಿಲ್ಲ. ಹತ್ತು ಎಂದರೆ ಬೀದಿಯವರು ನಗುತ್ತಾರೆ, ಆರು ಎಂದರೆ ಅಪಶಕುನ. ಎಂಟು ಎನ್ನುವುದು ಮರ್ಯಾದಸ್ಥರ ಆಸೆ.

ಹೊಸದಾಗಿ ಬಂದಾಗ ನನಗೆ ಈ ಆಟದ ತಲೆಬುಡ ತಿಳಿದಿರಲಿಲ್ಲ. ಹೆಸರು ಫುಟ್‌ಬಾಲ್, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಚೆಂಡು ನೋಡಿದರೆ ಸುಲಿಯದ ತೆಂಗಿನಕಾಯಿಯ ಹಾಗಿದೆ. ಐದು ಸೆಕೆಂಡು ಗುದ್ದಾಡುತ್ತಾರೆ, ಅರ್ಧ ನಿಮಿಷ ಮಾತಾಡಿಕೊಳ್ಳುತ್ತಾರೆ. ಅರ್ಥವಾದದ್ದು ತಂಡದ ಹೆಸರೊಂದೇ: ಕಾರ್ನ್‌ಹಸ್ಕರ್ಸ್, ಅಂದರೆ ಗೋವಿನಜೋಳದ ತೆನೆ ಸುಲಿಯುವವರು. ಹಾವೇರಿ ಜಿಲ್ಲೆಯಿಂದ ಬಂದವನಿಗೆ ಇದಕ್ಕಿಂತ ಹತ್ತಿರದ ಹೆಸರು ಬೇಕೆ? ನಮ್ಮೂರಲ್ಲಿ ಸುಗ್ಗಿಯಲ್ಲಿ ಕಟ್ಟೆಯ ಮೇಲೆ ಕೂತು ತೆನೆ ಸುಲಿಯುವವರೆಲ್ಲ ನೆಬ್ರಾಸ್ಕ ತಂಡದವರೇ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

“ಕಾಲೇಜ್ ಹುಡುಗ್ರ ಆಟ ನೋಡಾಕ ಎಷ್ಟ ಮಂದಿ ಬರ್ತಾರಂದಿ?”

“ಎಂಬತ್ತೈದ ಸಾವಿರದ ಮ್ಯಾಲೆ, ಅಪ್ಪಾ.”

“ಅವರಿಗೆ ಹೊಲದಾಗ ಕೆಲಸ ಇರೂದಿಲ್ಲೇನ?”

ಇರುತ್ತದೆ. ಆದರೂ ಬರುತ್ತಾರೆ. 1962ರ ನವೆಂಬರಿನಿಂದ ಈಚೆಗೆ ಇಲ್ಲಿನ ಮೆಮೋರಿಯಲ್ ಸ್ಟೇಡಿಯಮ್ಮಿನಲ್ಲಿ ನಡೆದ ಪಂದ್ಯಗಳಿಗೆ ಟಿಕೆಟ್ ಮಾರಾಟವಾಗದೆ ಉಳಿದದ್ದಿಲ್ಲ. ಪಂದ್ಯದ ಶನಿವಾರ ಆ ಸ್ಟೇಡಿಯಂ ರಾಜ್ಯದ ಮೂರನೆಯ ದೊಡ್ಡ ಊರು ಎನ್ನುತ್ತಾರೆ. ಒಮಾಹಾ, ಲಿಂಕನ್, ಆಮೇಲೆ ಇದೇ. ಈ ರಾಜ್ಯಕ್ಕೆ ದೊಡ್ಡ ವೃತ್ತಿಪರ ಲೀಗಿನ ತಂಡ ಬೇರೆ ಇಲ್ಲ. ಇರುವ ಪ್ರೀತಿಯನ್ನೆಲ್ಲ ಇಪ್ಪತ್ತು ವರ್ಷದ ಹುಡುಗರ ಹೆಗಲಿಗೇ ಹೊರಿಸಬೇಕು. ಸ್ಟೇಡಿಯಮ್ಮಿನ ಬಾಗಿಲ ಮೇಲೆ, ಕಾಲೇಜು ಫುಟ್‌ಬಾಲಿನ ಅತಿ ಶ್ರೇಷ್ಠ ಅಭಿಮಾನಿಗಳು ಈ ಬಾಗಿಲಲ್ಲಿ ಹಾದುಹೋಗುತ್ತಾರೆ ಎಂದು ಬರೆಸಿದ್ದಾರೆ. ತಮ್ಮನ್ನು ತಾವೇ ಹೊಗಳಿಕೊಳ್ಳುವುದು ಎಂದು ನಾನು ಮೊದಲು ಮೂಗು ಮುರಿದಿದ್ದೆ. ಆಮೇಲೆ, ನಮ್ಮವರನ್ನು ಬಡಿದು ಹೊರಟ ಎದುರಾಳಿ ತಂಡಕ್ಕೆ ಇವರೇ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ನೋಡಿ ಮೂಗನ್ನು ಸರಿಮಾಡಿಕೊಂಡೆ.

ನಾನು ಓದಲು ಬಂದಿಳಿದದ್ದು 2018ರ ಆಗಸ್ಟಿನಲ್ಲಿ. ಅಂಥ ಆಗಸ್ಟನ್ನು ಈ ಊರು ಅಪರೂಪಕ್ಕೆ ಕಂಡಿರಬೇಕು. ಸ್ಕಾಟ್ ಫ್ರಾಸ್ಟ್ ಎಂಬ ಹೊಸ ಕೋಚ್ ಬಂದಿದ್ದರು. ನೆಬ್ರಾಸ್ಕದ್ದೇ ಸಣ್ಣ ಊರಿನ ಹುಡುಗ, 1997ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗ ಅದೇ ತಂಡದಲ್ಲಿ ಚೆಂಡೆಸೆದು ಆಟ ನಡೆಸುತ್ತಿದ್ದ ಕ್ವಾರ್ಟರ್‌ಬ್ಯಾಕ್, ಹಿಂದಿನ ವರ್ಷವಷ್ಟೇ ಫ್ಲಾರಿಡಾದ ಒಂದು ತಂಡಕ್ಕೆ ಹದಿಮೂರಕ್ಕೆ ಹದಿಮೂರು ಗೆಲ್ಲಿಸಿಕೊಟ್ಟು ಬಂದವರು. ಮನೆಮಗ ಮನೆಗೆ ಬಂದ. ಏಪ್ರಿಲಿನಲ್ಲಿ ತಂಡ ತನ್ನೊಳಗೇ ಎರಡು ಪಾಲಾಗಿ ಆಡಿದ ಅಭ್ಯಾಸದ ಪಂದ್ಯಕ್ಕೇ 86 ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರಂತೆ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ಮೇಜಿನ ಆಚೆಯ ಹೆಂಗಸು ನನ್ನ ಪಾಸ್‌ಪೋರ್ಟ್ ನೋಡುವ ಮೊದಲು, ಒಳ್ಳೇ ವರ್ಷಕ್ಕೇ ಬಂದಿದ್ದೀ ಎಂದಳು.

ಸೆಪ್ಟೆಂಬರ್ 1ರಂದು ಆಕ್ರನ್ ಎಂಬ ತಂಡದ ಮೇಲೆ ಮೊದಲ ಪಂದ್ಯ. ವಿದ್ಯಾರ್ಥಿ ಟಿಕೆಟ್ ಹಿಡಿದು ನಾನೂ ಹೋದೆ. ಆಗೆಲ್ಲ ನಮ್ಮ ತಂಡ ಮೊದಲ ಅಂಕ ಗಳಿಸಿದ ಕೂಡಲೇ ಜನ ಸಾವಿರಾರು ಕೆಂಪು ಬಲೂನು ಆಕಾಶಕ್ಕೆ ಬಿಡುವ ಪದ್ಧತಿಯಿತ್ತು. ಬಲೂನು ಹಿಡಿದು ಎಲ್ಲ ತಯಾರು. ಚೆಂಡನ್ನು ಒಮ್ಮೆ ಒದ್ದರು. ಅಷ್ಟೇ. ಮಿಂಚು, ಗುಡುಗು, ಮುಂಗಾರಿನ ನಡುವೆ ಸಿಕ್ಕಿಕೊಂಡ ಹಾಗೆ ಜಡಿ. ಗಂಟೆಗಟ್ಟಲೆ ಕಾಯಿಸಿ ಪಂದ್ಯ ರದ್ದು ಎಂದರು. ವಾಪಸು ನಡೆದು ಬರುವಾಗ ನನ್ನ ಮುಂದೆ ಅಪ್ಪನ ಹೆಗಲ ಮೇಲೆ ಕೂತ ಒಬ್ಬ ಪುಟ್ಟ ಹುಡುಗ, ಬಿಡದೆ ಉಳಿದ ಬಲೂನಿನ ದಾರವನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆ ಹೋಗಿದ್ದ. ಮಳೆಗೆ ಬಲೂನು ತಂದೆಯ ಕಿವಿಗೆ ರಪರಪ ಬಡಿಯುತ್ತಿತ್ತು. ಆ ಮನುಷ್ಯ ಅದನ್ನು ಸರಿಸಲೂ ಇಲ್ಲ. ಮುಂದಿನ ಆರು ಪಂದ್ಯ ಸಾಲಾಗಿ ಸೋತೆವು. ವರ್ಷ ಮುಗಿದಾಗ ನಾಲ್ಕು ಗೆಲುವು, ಎಂಟು ಸೋಲು. ಅಜ್ಜನ ಲೆಕ್ಕವೇ, ಕೈಗನ್ನಡಿಯಲ್ಲಿ ನೋಡಿದ ಹಾಗೆ.

(“ಸೋತೆವು” ಎಂದು ಬರೆದದ್ದನ್ನು ಈಗ ಗಮನಿಸಿದೆ. ಯಾವಾಗ ಅವರು ಹೋಗಿ ನಾವು ಆಯಿತೋ ನೆನಪಿಲ್ಲ.)

ಹಿಂದೆ ಹೀಗಿರಲಿಲ್ಲ ಎಂಬುದೇ ಇಲ್ಲಿನ ಸಂಕಟ. ಟಾಮ್ ಆಸ್ಬೋರ್ನ್ ಎಂಬ ಕೋಚ್ 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ನಡೆಸಿದರು. ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆದ್ದವರಲ್ಲ. ಆದರೂ ಮೊದಲ ರಾಷ್ಟ್ರೀಯ ಪಟ್ಟ ಸಿಕ್ಕಿದ್ದು ಇಪ್ಪತ್ತೆರಡನೆಯ ವರ್ಷಕ್ಕೆ, 1994ರಲ್ಲಿ. ಆಮೇಲೆ 1995, 1997. ಅವರ ಶಿಷ್ಯ ಫ್ರಾಂಕ್ ಸೋಲಿಚ್ 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತರು, ಕೆಲಸದಿಂದ ತೆಗೆದರು. ಬೋ ಪೆಲೀನಿ ಏಳು ವರ್ಷವೂ ಒಂಬತ್ತಕ್ಕೆ ಕಡಿಮೆ ಬೀಳಲಿಲ್ಲ, 2014ರಲ್ಲಿ ಒಂಬತ್ತು-ಮೂರಕ್ಕೇ ಅವರನ್ನೂ ಕಳಿಸಿದರು. ಒಂಬತ್ತೇ ತಾನೇ ಎಂಬ ಅಸಡ್ಡೆ. ಆಮೇಲೆ 2017ರಿಂದ 2023ರವರೆಗೆ ಏಳು ವರ್ಷ ಸತತವಾಗಿ ಗೆಲುವಿಗಿಂತ ಸೋಲೇ ಹೆಚ್ಚು. ಆರು ಗೆದ್ದರೆ ವರ್ಷದ ಕೊನೆಗೆ ಬೌಲ್ ಎಂಬ ಹೆಚ್ಚುವರಿ ಪಂದ್ಯ ಸಿಗುತ್ತದೆ. ಒಂಬತ್ತನ್ನು ಎಂಜಲೆಂದು ಸರಿಸಿದ ಊರು ಆ ಆರಕ್ಕಾಗಿ ಹರಕೆ ಹೊತ್ತು ಕೂತಿತ್ತು. 2024ರಲ್ಲಿ ಹರಕೆ ಫಲಿಸಿತು. ಡಿಸೆಂಬರಿನ ಆ ಪಂದ್ಯವನ್ನು ಗೆದ್ದು ಏಳು-ಆರು ಆದ ದಿನ, ಅಜ್ಜ ಮೂರು ಪಟ್ಟ ನೋಡಿದ್ದ ಅದೇ ಸೋಫಾದ ಮೇಲೆ ಕೂತು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನೇ ಎಂದು ನಾನು ನಂಬಿದ್ದೇನೆ.

ಆಗಸ್ಟಿನಲ್ಲಿ ಆಸೆಗೆ ಆಹಾರ ಎಲ್ಲಿಂದ ಬರುತ್ತದೆ ಎಂದು ಕುತೂಹಲವಿತ್ತು. ಅಭ್ಯಾಸ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಹೊರಬರುವುದು ಕೋಚ್ ಪತ್ರಕರ್ತರ ಮುಂದೆ ಉದುರಿಸುವ ನಾಲ್ಕು ಮಾತು. ನಮ್ಮಲ್ಲಿ ಹೊಳೆಯಾಚೆ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಅವನು ಒಂದೇ ಸಾಲಿನ ಕಾರ್ಣಿಕ ನುಡಿದು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ಸಾಲಿನಲ್ಲೇ ಮಳೆ, ಬೆಳೆ, ಮುಖ್ಯಮಂತ್ರಿ ಎಲ್ಲ ಇರಬೇಕು. ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ಸೀಟಿಗೊಂದು ಅರ್ಥ ಹುಟ್ಟಿರುತ್ತದೆ. ಲಿಂಕನ್ನಿನಲ್ಲೂ ಅಷ್ಟೇ. ಹುಡುಗರು ಒಳ್ಳೇ ಮೈಕಟ್ಟಿನಲ್ಲಿದ್ದಾರೆ ಎಂದು ಕೋಚ್ ಅಂದರೆ, ಹೋದ ವರ್ಷ ಇರಲಿಲ್ಲ, ಅದಕ್ಕೇ ಸೋತೆವು ಎಂದು ಅರ್ಥ. ಇನ್ನೂ ಕಲಿಯುವುದಿದೆ ಎಂದರೆ, ಈ ಮನುಷ್ಯ ಬಡಾಯಿ ಕೊಚ್ಚುವುದಿಲ್ಲ, ಪರವಾಗಿಲ್ಲ ಎಂದು ಅರ್ಥ. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದದ್ದೆಲ್ಲ ಕೈಗೆ ಸಿಕ್ಕಿತೇ, ಎಂಥ ಎಸೆತ! ಎದುರಿನವರು ಕಸಿದುಕೊಂಡರೇ, ನಮ್ಮ ರಕ್ಷಣಾ ಪಡೆ ಎಷ್ಟು ಚುರುಕು! ತಮ್ಮ ತಮ್ಮಲ್ಲೇ ಆಡಿಕೊಳ್ಳುವಾಗ ನಮ್ಮ ತಂಡ ಸೋತದ್ದೇ ಇಲ್ಲ.

ಈ ವರ್ಷ, ಅಂದರೆ 2025ರಲ್ಲಿ, ವಸಂತದ ಆ ಅಭ್ಯಾಸದ ಪಂದ್ಯವನ್ನೂ ಕೋಚ್ ಮ್ಯಾಟ್ ರೂಲ್ ಕೈಬಿಟ್ಟರು. ಈಗ ಆಟಗಾರರು ಕಾಲೇಜಿನಿಂದ ಕಾಲೇಜಿಗೆ ಸುಲಭವಾಗಿ ಜಿಗಿಯಬಹುದು, ದುಡ್ಡೂ ಪಡೆಯಬಹುದು. ಚೆನ್ನಾಗಿ ಆಡಿದವನನ್ನು ಟೀವಿಯಲ್ಲಿ ನೋಡಿ ಬೇರೆಯವರು ಹಾರಿಸಿಕೊಂಡು ಹೋದರೆ ಎಂಬ ಭಯ. ಇದಕ್ಕೆ ಅಜ್ಜನ ಪ್ರತಿಕ್ರಿಯೆ: ಅಡಗಿಸಿಡುತ್ತಿದ್ದಾರೆ ಎಂದ ಮೇಲೆ ಅಡಗಿಸಿಡುವಂಥದ್ದು ಏನೋ ಇರಲೇಬೇಕು.

ದೇಶದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಅಸೋಸಿಯೇಟೆಡ್ ಪ್ರೆಸ್ ಪತ್ರಕರ್ತರ ಮತ ಪಡೆದು, ಒಂದು ಚೆಂಡೂ ಎಸೆಯುವ ಮೊದಲೇ ಆಗಸ್ಟಿನಲ್ಲಿ ಅತ್ಯುತ್ತಮ ಇಪ್ಪತ್ತೈದು ತಂಡಗಳ ಯಾದಿ ಹೊರಡಿಸುತ್ತದೆ. 1950ರಿಂದ ನಡೆದು ಬಂದ ಸಂಪ್ರದಾಯ. 2019ರಲ್ಲಿ ಆ ಯಾದಿಯಲ್ಲಿ ನಮಗೆ ಇಪ್ಪತ್ತನಾಲ್ಕನೆಯ ಸ್ಥಾನ ಸಿಕ್ಕಾಗ ಊರು ಬೀಗಿತ್ತು. ಕೊನೆಗೆ ಐದು-ಏಳು. ಈ ಸಲ ನಮ್ಮ ಹೆಸರಿಲ್ಲ. ಒಳ್ಳೆಯದೇ ಆಯಿತು, ಕಣ್ಣುಬೀಳಲಿಲ್ಲ ಎಂದರು ಅಜ್ಜ. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಬೇರೆ ಮಾತು, ನನಗೆ ಕೇಳಿಸಿದ್ದು ಇದೇ.

ಅಂಕಿಸಂಖ್ಯೆಯಿಂದ ಈ ರೋಗ ವಾಸಿಯಾಗುವುದಿಲ್ಲ, ಉಲ್ಬಣಿಸುತ್ತದೆ. 2021ರಲ್ಲಿ ಮೂರು ಗೆದ್ದು ಒಂಬತ್ತು ಸೋತೆವು. ಆದರೆ ಒಂಬತ್ತೂ ಸೋಲಿನ ಅಂತರ ಒಂಬತ್ತು ಅಂಕದ ಒಳಗೇ. ವರ್ಷವಿಡೀ ಗಳಿಸಿದ ಅಂಕ, ಬಿಟ್ಟುಕೊಟ್ಟ ಅಂಕಕ್ಕಿಂತ ಹೆಚ್ಚು! ನಾನು ಡೇಟಾ ನೋಡಿ ಹೊಟ್ಟೆ ಹೊರೆಯುವವನು. ಇದು ಬರೀ ದುರದೃಷ್ಟ, ಮುಂದಿನ ವರ್ಷ ಸರಾಸರಿಗೆ ಮರಳಲೇಬೇಕು ಎಂದು ಅಜ್ಜನಿಗೆ ಕಾಗದದ ಮೇಲೆ ಗೀಚಿ ತೋರಿಸಿದೆ. 2022ರ ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್ನಿನಲ್ಲಿ. ಹನ್ನೊಂದು ಅಂಕ ಮುಂದಿದ್ದಾಗ, ಸುಮ್ಮನೆ ದೂರ ಒದೆಯುವುದು ಬಿಟ್ಟು ನಾವೇ ಚೆಂಡು ಹಿಡಿಯೋಣವೆಂದು ಹತ್ತಿರಕ್ಕೆ ಒದ್ದು, ಅದು ಎದುರಾಳಿಗೆ ಸಿಕ್ಕು, ಮೂರು ಅಂಕದಿಂದ ಸೋತೆವು. ಮೂರನೆಯ ಪಂದ್ಯ ಮುಗಿಯುತ್ತಿದ್ದಂತೆ ಮನೆಮಗನನ್ನೂ ಮನೆಯಿಂದ ಕಳಿಸಿದರು. ಆ ಕಾಗದ ಈಗಲೂ ಅಜ್ಜನ ಡ್ರಾಯರಿನಲ್ಲಿದೆಯಂತೆ. ಅವರು ಒಳ್ಳೆಯವರು, ತೆಗೆದು ತೋರಿಸುವುದಿಲ್ಲ.

ಇದೇ ಊರಿನ ಹೆಣ್ಣುಮಕ್ಕಳ ವಾಲಿಬಾಲ್ ತಂಡಕ್ಕೆ ಈ ಗೋಳಿಲ್ಲ. ಅವರು ಗೆಲ್ಲುತ್ತಾರೆ, ಮುಗಿಯಿತು. 2023ರ ಆಗಸ್ಟ್ 30ರಂದು ಫುಟ್‌ಬಾಲ್ ಮೈದಾನದಲ್ಲೇ ಅಂಕಣ ಹಾಕಿ ಆಡಿದಾಗ 92,003 ಜನ ನೋಡಿದರು. ನಾನೂ ಒಬ್ಬ. ಅದ್ಭುತ ಸಂಜೆ. ಆದರೆ ಅವರ ವೇಳಾಪಟ್ಟಿಗೆ ಯಾರೂ ಪೆನ್ಸಿಲ್ ಹಿಡಿದು ಕೂರುವುದಿಲ್ಲ.

ನನ್ನ ಈ ತಾಳ್ಮೆಗೆ ತರಬೇತಿ ಎಲ್ಲಾಯಿತೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಸಲ ಕಪ್ ನಮ್ದೇ ಎಂದು ಹದಿನೇಳು ಬೇಸಿಗೆ ಕಳೆದವರು ನಾವು. ಈ ಜೂನ್ 3ರಂದು ಅದು ಬಂದೂ ಬಂತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವ ಹೋದವು. ಆ ಖುಷಿಯ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅಪ್ಪ ಫೋನಿನಲ್ಲಿ ಕ್ರಿಕೆಟ್ ಸುದ್ದಿ ಎತ್ತಲಿಲ್ಲ. “ನಿಮ್ಮ ತೆನಿ ಸುಲಿಯೋರು ಯಾವಾಗ ಚಾಲೂ ಮಾಡ್ತಾರ?” ಎಂದರು. ಆಮೇಲೆ ಎಂದಿನ ಪ್ರಶ್ನೆ, “ಅಲ್ಲೆ ಬೆಳಿ ಹೆಂಗೈತಿ?” ಬೆಳೆ ಆಳೆತ್ತರ ನಿಂತಿದೆ ಎಂದೆ. “ಈಗ ಎಲ್ಲಾರದೂ ಹಂಗ ಇರ್ತೈತಿ. ರಾಶಿ ಆದ ಮ್ಯಾಲೆ ಹೇಳು.”

ಮೊನ್ನೆ ಶನಿವಾರ ಅಜ್ಜ ಕರೆದರು. ಕೈ ನಡುಗುತ್ತದೆ, ಟೇಪಿನ ಮೇಲೆ ಅಕ್ಷರ ಕೂರುವುದಿಲ್ಲ, ಈ ಸಲ ನೀನೇ ತುಂಬು ಎಂದರು. ಹೊಸ ಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಸಿನ್ಸಿನಾಟಿ, ಗೆಲುವು. ಆಕ್ರನ್, ಮಳೆ ಬರದಿದ್ದರೆ ಗೆಲುವು, ಪೆನ್ನಿನಲ್ಲಿ. ಹ್ಯೂಸ್ಟನ್ ಕ್ರಿಶ್ಚಿಯನ್, ಮಿಶಿಗನ್ ಸ್ಟೇಟ್, ಮೇರಿಲ್ಯಾಂಡ್, ನಾರ್ತ್‌ವೆಸ್ಟರ್ನ್, ಯುಸಿಎಲ್‌ಎ. ಇವೂ ಗೆಲುವೇ. ಮಿಶಿಗನ್ ಕಷ್ಟ. ಮಿನೆಸೋಟ, ಯಾಕೋ ಆ ತಂಡ ನಮಗೆ ಆಗಿಬರುವುದಿಲ್ಲ. ಯುಎಸ್‌ಸಿ ಮೇಲೂ ಆಗುವುದಿಲ್ಲ. ಪೆನ್ ಸ್ಟೇಟ್ ಯಾದಿಯಲ್ಲಿ ಎರಡನೆಯ ಸ್ಥಾನದ ತಂಡ, ಮಾತೇ ಬೇಡ. ಕೊನೆಯದು ಅಯೋವಾ. 2023ರಲ್ಲಿ ಹತ್ತು-ಹದಿಮೂರಕ್ಕೆ, ಗಡಿಯಾರದ ಕೊನೆಯ ಒದೆತದಲ್ಲಿ ಸೋತಿದ್ದೆವು. 2024ರಲ್ಲಿ ಮತ್ತೆ ಹತ್ತು-ಹದಿಮೂರು, ಮತ್ತೆ ಕೊನೆಯ ಒದೆತ. ತೆಳ್ಳಗೆ ಎಲ್ ಬರೆದೆ.

ಅಜ್ಜ ರಸ್ತೆ ಬದಿಯ ಟ್ರಕ್ಕಿನಿಂದ ತಂದ ಸಿಹಿಜೋಳವನ್ನು ಬೇಸಿನ್ನಿನ ಹತ್ತಿರ ನಿಂತು ಸುಲಿಯುತ್ತಿದ್ದರು. ಒರೆಸಿಕೊಂಡು ಬಂದು, ಬೆರಳಿಟ್ಟು ಮೇಲಿನಿಂದ ಎಣಿಸಿದರು.

“ಏಳು” ಎಂದರು.

“ಏಳೇ ಬಂತು” ಎಂದೆ.

ಅವರು ಏನೂ ಅನ್ನಲಿಲ್ಲ. ಮತ್ತೆ ಬೇಸಿನ್ನಿಗೆ ಹೋಗಿ ತೆನೆ ಕೈಗೆತ್ತಿಕೊಂಡರು. ಸಿಪ್ಪೆ ಹರಿಯುವ ಸದ್ದು. ನಾನು ಪಟ್ಟಿ ನೋಡುತ್ತ ಕೂತೆ. ಅಯೋವಾ ಪಂದ್ಯ ಈ ಸಲ ಇಲ್ಲೇ, ಲಿಂಕನ್ನಿನಲ್ಲೇ. ಮೂರು ವರ್ಷ ಸಾಲಾಗಿ ಅದೇ ಒದೆತಕ್ಕೆ ಸೋಲುವುದೆಂದರೆ ಯಾವ ಸಂಭವನೀಯತೆಯ ಲೆಕ್ಕದಲ್ಲೂ ಬರುವಂಥದ್ದಲ್ಲ. ಡ್ರಾಯರು ಎಳೆದೆ, ರಬ್ಬರು ಬೇಕಿತ್ತು.