ಹೆಬ್ಬೆರಳಿನ ದರ್ಶನ

ಶುಕ್ರವಾರ ರಾತ್ರಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬೈಯೋಣ ಅಂದರೆ ಸಿಗುವುದು ಒಂದು ಸಾಕ್ಸ್ ಮಾತ್ರ.

ಮೂರು ವರ್ಷದ ಹಿಂದೆ ಟೋಕಿಯೊಗೆ ಬಂದಾಗ, ಇಲ್ಲಿ ಮನೆಯೊಳಗೆ ಬೂಟು ಹಾಕಿಕೊಂಡು ಹೋಗುವ ಹಾಗಿಲ್ಲ ಅಂದರು. ಇದೇನು ಮಹಾ, ನಾವು ಹುಟ್ಟಿದಾಗಿನಿಂದ ಮಾಡ್ತಿರೋದೇ ಇದಲ್ವಾ ಅಂತ ಬೀಗಿದ್ದೆ. ಆದರೆ ನಾವು ಚಪ್ಪಲಿ ಬಿಟ್ಟರೆ ಉಳಿಯುವುದು ಬರಿಗಾಲು. ಬರಿಗಾಲಿಗೆ ತೂತು ಬೀಳುವುದಿಲ್ಲ. ಊರಲ್ಲಿ ದೇವಸ್ಥಾನದೊಳಗೆ ಮಂಗಳಾರತಿ ಆಗುವಾಗಲೂ ಮನಸ್ಸು ಹೊರಗಿನ ಚಪ್ಪಲಿ ಮೇಲೆ. ಇಲ್ಲಿ ಬೂಟನ್ನು ಯಾರೂ ಒಯ್ಯುವುದಿಲ್ಲ, ಚಿಂತೆಯೆಲ್ಲ ಅದರೊಳಗಿದ್ದ ಕಾಲಿನದು. 2005ರಲ್ಲಿ ಇಲ್ಲಿನ ಸರ್ಕಾರವೇ ‘ಕೂಲ್ ಬಿಜ್’ ಅಂತ ಶುರು ಮಾಡಿ, ಬೇಸಿಗೆಯಲ್ಲಿ ಎಸಿ 28 ಡಿಗ್ರಿಗೆ ಇಡಿ, ಕೋಟು ಟೈ ಬಿಡಿ ಅಂದಿತು. ಸಾಕ್ಸಿಗೆ ಮಾತ್ರ ರಿಯಾಯಿತಿ ಇಲ್ಲ.

ಶುಕ್ರವಾರ ಆಫೀಸಿನವರೆಲ್ಲ ಇಜಕಾಯಾಗೆ, ಅಂದರೆ ಕುಡಿಯುತ್ತ ತಿನ್ನುವ ಜಾಗಕ್ಕೆ ಹೋದೆವು. ಕೂರಲು ತಾತಾಮಿ ಚಾಪೆ. ಎಲ್ಲರೂ ಬೂಟಿನಿಂದ ಸರಕ್ಕನೆ ಜಾರಿ ಒಳಗೆ ಹೋದರು, ನಾನು ಬಗ್ಗಿ ಲೇಸಿನ ಗಂಟಿನ ಜೊತೆ ಜಗಳವಾಡುತ್ತಿದ್ದೆ. ಬಿಚ್ಚಿದರೆ ಬಲಗಾಲಿನ ಹೆಬ್ಬೆರಳು ಆಮೆ ತಲೆಯ ಹಾಗೆ ಇಣುಕುತ್ತಿದೆ. ಬೆಳಿಗ್ಗೆ ಹಾಕುವಾಗ ಸರಿಯಿತ್ತು, ಆಣೆಗೂ! ಒಂದು ಗಂಟೆ ಅದನ್ನು ಎಡಗಾಲಿನ ಕೆಳಗೆ ಅದುಮಿಟ್ಟುಕೊಂಡು ಕೂತೆ. ಕಾಲು ಜೋಮು ಹಿಡಿಯಿತು.

ಟಾಯ್ಲೆಟ್‌ಗೆ ಎದ್ದೆ. ಅಲ್ಲಿ ಬೇರೆಯೇ ಚಪ್ಪಲಿ ಇಟ್ಟಿರುತ್ತಾರೆ, ಅದು ಆ ಬಾಗಿಲು ದಾಟಿ ಹೊರಗೆ ಬರುವಂತಿಲ್ಲ. ಗೊತ್ತು, ನನಗೆ ಚೆನ್ನಾಗಿ ಗೊತ್ತು. ಆದರೆ ಆ ಚಪ್ಪಲಿಯಲ್ಲಿ ತೂತು ಪೂರ್ತಿ ಮುಚ್ಚಿಹೋಯಿತಲ್ಲ, ಆ ಖುಷಿಯಲ್ಲಿ ತಲೆಯೆತ್ತಿಕೊಂಡು, ಎದೆಯುಬ್ಬಿಸಿಕೊಂಡು, ಅದೇ ಚಪ್ಪಲಿಯಲ್ಲಿ ತಾತಾಮಿಯ ಮೇಲೆ ನಾಲ್ಕು ಹೆಜ್ಜೆ ನಡೆದುಬಿಟ್ಟೆ.

ನಮ್ಮ ಟೀಮಿನ ಹಿರಿಯರೊಬ್ಬರಿಗೆ ಒಂದು ಅಭ್ಯಾಸ. ಬಾಯಿಬಿಟ್ಟು ‘ಬೇಡ’ ಅನ್ನುವುದಿಲ್ಲ, ಹಲ್ಲಿನ ಸಂದಿಯಲ್ಲಿ ‘ಸ್ಸ್’ ಅಂತ ಗಾಳಿ ಎಳೆಯುತ್ತಾರೆ. ನಾನು ಬರೆದ ಪ್ರೋಗ್ರಾಂ ಕೋಡ್‌ಗೆ ಚಿಕ್ಕ ಸ್ಸ್. ರಜೆ ಕೇಳಿದರೆ ಸ್ವಲ್ಪ ಉದ್ದ. ಡೆಡ್‌ಲೈನ್ ಮುಂದಕ್ಕೆ ಹಾಕಿ ಅಂದರೆ ಒಗ್ಗರಣೆಗೆ ಹಸಿಮೆಣಸಿನಕಾಯಿ ಬಿದ್ದ ಹಾಗೆ. ಅವತ್ತು ನನ್ನ ಕಾಲು ನೋಡಿ ಎಳೆದರು ನೋಡಿ, ಪ್ರೆಶರ್ ಕುಕ್ಕರ್! ಇಡೀ ಕೋಣೆ ಕೆಳಗೆ ನೋಡಿತು. ನಾನೂ ನೋಡಿದೆ. ಚಪ್ಪಲಿಯ ಮೇಲೆ ಮೂರು ದಪ್ಪ ಅಕ್ಷರ: ಟೊಯಿರೆ. ಟಾಯ್ಲೆಟ್ ಅಂತ. ನನಗೆ ಸರಾಗವಾಗಿ ಓದಲು ಬರುವ ಜಪಾನೀಸ್ ಅದೊಂದೇ. ಗಾಬರಿಯಲ್ಲಿ ಅಲ್ಲೇ ಬಿಚ್ಚಿದೆ. ಹೆಬ್ಬೆರಳು ಎಲ್ಲರಿಗೂ ದರ್ಶನ ಕೊಟ್ಟಿತು.

ವಾಪಸ್ ಬರುವಾಗ ರೈಲಿನಲ್ಲಿ ಅಮ್ಮ ನೆನಪಾದಳು. ನನ್ನ ಸ್ಕೂಲ್ ಸಾಕ್ಸ್ ಸಡಿಲವಾದರೆ ರಬ್ಬರ್ ಬ್ಯಾಂಡ್ ಹಾಕಿ ಕಳಿಸುತ್ತಿದ್ದಳು, ಸಂಜೆ ಕಾಲಿನ ಮೇಲೆ ಬಳೆಯಂಥ ಕೆಂಪು ಗೆರೆ. ತೂತು ಬಿದ್ದರೆ ಬಿಳಿ ಸಾಕ್ಸಿಗೆ ಕೈಗೆ ಸಿಕ್ಕ ನೀಲಿ ದಾರದಲ್ಲಿ ಹೊಲಿಗೆ. ಆ ಗಂಟು ದಿನವಿಡೀ ಬೆರಳಿಗೆ ಒತ್ತುತ್ತಿತ್ತು, ಬೈದುಕೊಳ್ಳುತ್ತಿದ್ದೆ.

ನಿಶಿ-ಕಸಾಯ್‌ನಲ್ಲಿ ಇಳಿದು ಕೊಂಬಿನಿಗೆ, ಅಂದರೆ ತಡರಾತ್ರಿಯೂ ತೆರೆದಿರುವ ಚಿಕ್ಕ ಅಂಗಡಿಗೆ ನುಗ್ಗಿದೆ. ರಾತ್ರಿ ಹನ್ನೊಂದೂವರೆಯಾದರೂ ಅಲ್ಲಿ ಸಾಕ್ಸ್ ಸಿಗುತ್ತದೆ. ನನ್ನ ಮುಂದೆ ಟೈ ಸಡಿಲಿಸಿಕೊಂಡ ಒಬ್ಬರು ನಿಂತಿದ್ದರು, ಅವರ ಕೈಯಲ್ಲೂ ಒಂದು ಜೊತೆ ಕಪ್ಪು ಸಾಕ್ಸ್.