ಮನೆ ಇಲ್ಲದ ತಂಡದ ಭರ್ಜರಿ ಸೀಸನ್

ಅಮೆರಿಕದ ಯೂಟಾ ರಾಜ್ಯದ ಐಸ್ ಹಾಕಿ ತಂಡ ತನ್ನ ಹೆಸರಿಗಾಗಿ ಕೋರ್ಟ್ ಮೆಟ್ಟಿಲು ಹತ್ತಿದ ಸುದ್ದಿ ಓದಿರುತ್ತೀರಿ. ಮೊದಲು ಯೆಟಿ ಅಂತ ಇಟ್ಟುಕೊಳ್ಳಲು ಹೊರಟರು. ಐಸ್ ಬಾಕ್ಸ್ ಮಾರುವ ಕಂಪನಿಯ ಹೆಸರೂ ಅದೇ, ಹಾಗಾಗಿ ಆಗಲಿಲ್ಲ. ಈ ನಡುವೆ ಒಂದಿಡೀ ಸೀಸನ್ ಸುಮ್ನೆ 'ಯೂಟಾ ಹಾಕಿ ಕ್ಲಬ್' ಅಂತ ಆಡಿದರು. ಮಗುವಿಗೆ ವರ್ಷ ತುಂಬಿದರೂ ನಾಮಕರಣ ಮಾಡದೆ, ರೇಷನ್ ಕಾರ್ಡಿನಲ್ಲಿ 'ಮಗು' ಅಂತಲೇ ಬರೆಸಿದ ಹಾಗೆ. 2025ರ ಮೇ ತಿಂಗಳಲ್ಲಿ ಕೊನೆಗೂ ಮ್ಯಾಮತ್ ಅಂತ ಘೋಷಿಸಿದರು. ಆಗ ಹಾಕಿ ಕಿಟ್ ಬ್ಯಾಗ್ ಮಾರುವ ಕಂಪನಿಯೊಂದು ಆ ಹೆಸರು ನಮ್ಮದು ಅಂದಿತು. ಸತ್ತು ಸಾವಿರಾರು ವರ್ಷವಾದ ಪ್ರಾಣಿಗೂ ಅಮೆರಿಕದಲ್ಲಿ ವಾರಸುದಾರರು ಸಿಗುತ್ತಾರೆ ನೋಡಿ.

ಹೆಸರಿನ ಜಗಳ ಅವರೇ ಬಗೆಹರಿಸಿಕೊಳ್ಳಲಿ. ನನಗೆ ನೆನಪಾದದ್ದು ಈ ತಂಡ ಬಂದ ಮನೆ. ಅಂದರೆ ಮನೆ ಇಲ್ಲದ ಮನೆ. ಅರಿಜೋನಾ ಕಯೋಟೀಸ್. 2024ರಲ್ಲಿ ಯೂಟಾಕ್ಕೆ ಹೋಗುವ ತನಕ ಇದೇ ಆಟಗಾರರ ತಂಡ ಅದು.

ಇವರ 2023-24ರ ಸೀಸನ್ನನ್ನು ನಾನು ಮನಸಾರೆ ಹೊಗಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ವಿಶ್ವದ ಅತಿ ದೊಡ್ಡ ಐಸ್ ಹಾಕಿ ಲೀಗು ಎನ್‌ಎಚ್‌ಎಲ್. ಉಳಿದ ಬಹುಪಾಲು ತಂಡಗಳು ಹದಿನೇಳು ಹದಿನೆಂಟು ಸಾವಿರ ಜನ ಕೂರುವ ಕಡೆ ಆಡುತ್ತವೆ. ಇವರು ಆಡಿದ್ದು ಫೀನಿಕ್ಸ್ ನಗರದ ಪಕ್ಕದ ಟೆಂಪಿ ಊರಿನ ಮಲೆಟ್ ಅರೀನಾದಲ್ಲಿ, 4,600 ಸೀಟು, ಅದೂ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಹುಡುಗರಿಗೆ ಅಂತ ಕಟ್ಟಿದ್ದು. ಕೋಟಿಗಟ್ಟಲೆ ಸಂಬಳದ ವೃತ್ತಿಪರರು ಕಾಲೇಜು ಹುಡುಗರ ಮನೆಯಲ್ಲಿ ಬಾಡಿಗೆಗೆ! 2022ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋದಾಗ ಆಟಗಾರರ ಕೋಣೆಗಳು ಇನ್ನೂ ಕಟ್ಟಿ ಮುಗಿದಿರಲಿಲ್ಲ. ಎದುರಾಳಿ ತಂಡದವರು ಪಕ್ಕದ ಪ್ರಾಕ್ಟೀಸ್ ರಿಂಕಿನಲ್ಲಿ ಹಾಕಿದ ತಾತ್ಕಾಲಿಕ ಕೋಣೆಯಲ್ಲಿ ಬಟ್ಟೆ ಬದಲಿಸಿ ಬಂದು ಆಡಿದರು. ಮೊದಲ ಅತಿಥಿ ಯಾರು ಗೊತ್ತಲ್ಲ? ಕೆನಡಾದ ವಿನಿಪೆಗ್. 1996ರಲ್ಲಿ ಯಾವ ಊರಿನಿಂದ ಈ ತಂಡವನ್ನು ಎತ್ತಿಕೊಂಡು ಬಂದಿದ್ದರೋ ಅದೇ ಊರಿನವರು. ಗೆದ್ದುಕೊಂಡು ಹೋದರು.

ಆಟ ಮಾತ್ರ ಕೆಟ್ಟದ್ದೇನೂ ಇರಲಿಲ್ಲ, ಸುಳ್ಳು ಹೇಳಬಾರದು. 2023ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದೊಳಗೆ ವೇಗಸ್, ಟ್ಯಾಂಪಾ, ಕೊಲರಾಡೊ, ಸೇಂಟ್ ಲೂಯಿಸ್, ವಾಷಿಂಗ್ಟನ್ ಐದನ್ನೂ ಸಾಲಾಗಿ ಬಡಿದರು. ಐದೂ ಹಿಂದಿನ ವರ್ಷಗಳಲ್ಲಿ ಸ್ಟ್ಯಾನ್ಲಿ ಕಪ್, ಅಂದರೆ ಲೀಗಿನ ಚಾಂಪಿಯನ್ ಕಪ್, ಗೆದ್ದ ತಂಡಗಳು. ಆಮೇಲೆ ಜನವರಿ ಕೊನೆಗೆ ಶುರುವಾಯಿತು ನೋಡಿ, ಸಾಲಾಗಿ 14 ಪಂದ್ಯ ಗೆಲುವೇ ಇಲ್ಲ. ಚಾಂಪಿಯನ್ನರನ್ನು ಸೋಲಿಸುವುದು ಸುಲಭ, ತಿಂಗಳಿಗೊಂದು ಪಂದ್ಯ ಗೆಲ್ಲುವುದು ಕಷ್ಟ ಅಂತ ತೋರಿಸಿಕೊಟ್ಟ ತಂಡ ಇದೊಂದೇ ಇರಬೇಕು.

ಆದರೆ ಈ ತಂಡದ ನಿಜವಾದ ಪ್ರತಿಭೆ ಇದ್ದದ್ದು ಐಸ್ ಮೇಲೆ ಅಲ್ಲ, ಲೆಕ್ಕದ ಪುಸ್ತಕದಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳದೆ ನನಗೆ ಸಮಾಧಾನ ಇಲ್ಲ. ಈ ಲೀಗಿನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮೇಲೊಂದು ಮಿತಿ ಇದೆ, ಕೆಳಗೂ ಒಂದು ಮಿತಿ ಇದೆ. ಮಾಲೀಕರು ಜುಜುಬಿ ಸಂಬಳಕ್ಕೆ ಯಾರನ್ನೋ ನಿಲ್ಲಿಸಿ ದುಡ್ಡು ಉಳಿಸಬಾರದು ಅಂತ ಆ ಕೆಳಗಿನ ಮಿತಿ. ಒಳ್ಳೆಯ ನಿಯಮ. ಅದಕ್ಕೆ ಕಯೋಟೀಸ್ ಏನು ಮಾಡಿತು ಅಂದರೆ, ಬೇರೆ ತಂಡಗಳಲ್ಲಿ ಗಾಯವಾಗಿಯೋ ಕಾಯಿಲೆ ಬಿದ್ದೋ ಆಟ ನಿಲ್ಲಿಸಿದ, ಇಲ್ಲವೇ ಲೀಗನ್ನೇ ಬಿಟ್ಟುಹೋದ, ಆದರೆ ಒಪ್ಪಂದ ಇನ್ನೂ ಮುಗಿಯದ ಆಟಗಾರರ ಬರೀ ಒಪ್ಪಂದವನ್ನು ತರಿಸಿಕೊಂಡಿತು. ಲೆಕ್ಕದಲ್ಲಿ ದೊಡ್ಡ ಮೊತ್ತ ಕಾಣುತ್ತದೆ, ಕೈಯಿಂದ ಹೋಗುವುದು ಬಹಳ ಸಲ ಅದಕ್ಕಿಂತ ಕಡಿಮೆ. ಈ ಉಪಕಾರಕ್ಕೆ ಆ ತಂಡಗಳಿಂದ ಮೇಲಷ್ಟು ಬಕ್ಷೀಸು ಬೇರೆ.

ಹೀಗೆ ಬಂದವರು ಸಾಮಾನ್ಯರಲ್ಲ. 2015ರಲ್ಲಿ ಕ್ರಿಸ್ ಪ್ರಾಂಗರ್. ಅವರು ಅಷ್ಟರಲ್ಲಾಗಲೇ ಲೀಗಿನ ಕಚೇರಿಯಲ್ಲೇ ಕೆಲಸಕ್ಕೆ ಸೇರಿದ್ದರು. ಅದೇ ವರ್ಷ ಆಟದ ದಿಗ್ಗಜರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವವೂ ಸಿಕ್ಕಿತು, ಕಯೋಟೀಸ್ ಪಟ್ಟಿಯಲ್ಲಿ ಹೆಸರಿರುವಾಗಲೇ. 2016ರಲ್ಲಿ ಪಾವೆಲ್ ದಾತ್ಸುಕ್. ಅವರು ರಷ್ಯಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ತಂಡಕ್ಕೆ ಆಡುತ್ತಿದ್ದರು, ಅರಿಜೋನಾದ ಲೆಕ್ಕದಲ್ಲಿ 75 ಲಕ್ಷ ಡಾಲರ್. 2018ರಲ್ಲಿ ಮರಿಯನ್ ಹೊಸಾ, ಆಟದ ಸಾಮಾನು ಹಾಕಿಕೊಂಡರೆ ಚರ್ಮದ ಕಾಯಿಲೆ ಕೆರಳುತ್ತದೆ ಅಂತ ಆಟ ಬಿಟ್ಟವರು. 2023ರಲ್ಲಿ ಶೇ ವೆಬರ್, 78 ಲಕ್ಷ. ಅದಾದ ಕೆಲವೇ ದಿನಕ್ಕೆ ಯಾಕುಬ್ ವೊರಾಚೆಕ್, 82 ಲಕ್ಷ. ಕಯೋಟೀಸ್ ಪರ ಇವರು ಯಾರೂ ಒಂದು ನಿಮಿಷ ಆಡಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು, ಕೆಲಸದ ಜಾಗದಲ್ಲಿ ಯಾರೂ ಇಲ್ಲ. ಈ ವಿದ್ಯೆ ನಮ್ಮ ಕಡೆಯವರಿಗೇನೂ ಹೊಸದಲ್ಲ ಬಿಡಿ, ಆದರೆ ನಮ್ಮಲ್ಲಿ ಕದ್ದುಮುಚ್ಚಿ ಮಾಡುತ್ತಾರೆ, ಅವರು ಪ್ರೆಸ್ ನೋಟ್ ಕೊಟ್ಟು ಮಾಡುತ್ತಾರೆ. ಕಾಗದದ ಮೇಲಿನ ಈ ತಂಡವನ್ನು ಹೇಗಾದರೂ ಐಸ್ ಮೇಲೆ ಇಳಿಸಿದ್ದರೆ ಕಪ್ ಗ್ಯಾರಂಟಿ ಇತ್ತು. ವೆಬರ್‌ಗೆ 2024ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂದಾಗ ಅವರ ಒಪ್ಪಂದ ಯೂಟಾ ಕೈಯಲ್ಲಿತ್ತು. ಆಮೇಲೆ ಅದನ್ನೂ ಷಿಕಾಗೋಗೆ ದಾಟಿಸಿದರು.

ಸರಿ, ಮನೆ ಯಾಕೆ ಇಲ್ಲ ಅಂದರೆ, ಇತ್ತು. ಗ್ಲೆಂಡೇಲ್ ಅನ್ನುವ ಊರು ತನ್ನ ಜನರ ದುಡ್ಡು ಸುರಿದು ಕಟ್ಟಿಕೊಟ್ಟಿತ್ತು. 2003ರ ಕೊನೆಗೆ ಗೃಹಪ್ರವೇಶ. 2009ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. ಬ್ಲ್ಯಾಕ್‌ಬೆರಿ ಖ್ಯಾತಿಯ ಜಿಮ್ ಬಾಲ್ಸಿಲಿ 21 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯುತ್ತೇನೆ ಅಂದಾಗ, ಲೀಗು ಕೋರ್ಟಿನಲ್ಲಿ ನಿಂತು ಬಿಡೋದಿಲ್ಲ ಅಂತು, ತಾನೇ 14 ಕೋಟಿಗೆ ಕೊಂಡುಕೊಂಡಿತು. ಎಷ್ಟು ಪ್ರೀತಿ ಅಲ್ವಾ. ಪ್ರೀತಿಯ ಬಿಲ್ ಗ್ಲೆಂಡೇಲಿಗೆ ಹೋಯಿತು. ಎರಡು ವರ್ಷ, ವರ್ಷಕ್ಕೆ 2.5 ಕೋಟಿ ಡಾಲರ್ ಊರಿನ ಖಜಾನೆಯಿಂದ ಲೀಗಿಗೆ. ಕೋಟ್ಯಧಿಪತಿ ಮಾಲೀಕರೆಲ್ಲ ಸೇರಿ ನಡೆಸುವ ಲೀಗಿಗೆ, ಸಣ್ಣ ಊರಿನ ತೆರಿಗೆದಾರರಿಂದ. 2013ರಲ್ಲಿ ಹೊಸ ಮಾಲೀಕರು ಬಂದರು, ಅವರಿಗೆ ವರ್ಷಕ್ಕೆ 1.5 ಕೋಟಿ. 2015ರಲ್ಲಿ ನಗರಸಭೆಗೆ ಸಾಕಾಗಿ ಆ ಒಪ್ಪಂದ ಹರಿದು ಹಾಕಿತು. 2021ರಲ್ಲಂತೂ, ತೆರಿಗೆ ಬಾಕಿ ಸುಮಾರು 13 ಲಕ್ಷ ಡಾಲರ್ ಕಟ್ಟದಿದ್ದರೆ ಬೀಗ ಹಾಕುತ್ತೇವೆ ಅಂತ ನೋಟಿಸ್. ತಂಡ ಕೊಟ್ಟ ಉತ್ತರ: ಮನುಷ್ಯ ಸಹಜ ತಪ್ಪು. ನಾವು ನೀವು ಮನೆ ಕಂದಾಯ ಒಂದು ವರ್ಷ ಕಟ್ಟದೆ ಹೀಗೆ ಹೇಳಿ ನೋಡೋಣ. ಅಷ್ಟರಲ್ಲಾಗಲೇ ಗ್ಲೆಂಡೇಲ್ ಲೀಸ್ ಮುಂದುವರಿಸುವುದಿಲ್ಲ ಅಂದಿತ್ತು.

ಆಗ ಟೆಂಪಿ. ಹಳೇ ಕಸದ ಗುಂಡಿ ಇರುವ ಜಾಗದಲ್ಲಿ 210 ಕೋಟಿ ಡಾಲರಿನ ಯೋಜನೆ. ಸ್ಟೇಡಿಯಂ, ಹೋಟೆಲು, ಅಪಾರ್ಟ್‌ಮೆಂಟು, ಅಂಗಡಿ, ಎಲ್ಲ. ಅದೂ ವಿಮಾನ ಇಳಿಯುವ ದಾರಿಯ ಕೆಳಗೆ. 2023ರ ಮೇ 16ರಂದು ಊರಿನವರನ್ನು ಮತಕ್ಕೆ ಕರೆದು ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಬೇಡ ಅಂದರು. ಆ ದಿನದಿಂದ ತಪ್ಪೆಲ್ಲ ಟೆಂಪಿಯ ಮತದಾರರದ್ದು. ಅವರಿಂದ ತಂಡ ಹೋಯಿತು, ಅವರಿಗೆ ಕ್ರೀಡೆಯ ಬೆಲೆ ಗೊತ್ತಿಲ್ಲ. ಪಕ್ಕದ ಊರಿನಲ್ಲಿ ಇಪ್ಪತ್ತು ವರ್ಷ ಏನಾಯಿತು ಅಂತ ಕಣ್ಣಾರೆ ನೋಡಿದವರು ಇನ್ನೇನು ಅನ್ನಬೇಕಿತ್ತು?

ಇನ್ನು ಕೆಲವರದ್ದು ಹಳೇ ರಾಗ. ಮರುಭೂಮಿಯಲ್ಲಿ ಐಸ್ ಹಾಕಿ ನಡೆಯಲ್ಲ, ಅದು ಪ್ರಕೃತಿಗೇ ವಿರುದ್ಧ ಅಂತ. ಕೇಳಲು ಸರಿ ಅನಿಸುತ್ತದೆ. ಫೀನಿಕ್ಸಿನಲ್ಲಿ 2023ರ ಬೇಸಿಗೆ 31 ದಿನ ಒಂದೇ ಸಮನೆ 43 ಡಿಗ್ರಿ ದಾಟಿತ್ತು. ಚಾಂಡ್ಲರ್ ಕಡೆ ಚಿಪ್ ಫ್ಯಾಕ್ಟರಿ ಕೆಲಸಕ್ಕೆ ಹೋದ ನಮ್ಮವರನ್ನು ಕೇಳಿ, ಕಾರಿನ ಸ್ಟೀರಿಂಗ್ ಮುಟ್ಟಲಾಗದ ಕಥೆ ಹೇಳುತ್ತಾರೆ. ಆದರೆ ಲಾಸ್ ವೇಗಸ್ ಯಾವ ಮಲೆನಾಡು ಸ್ವಾಮಿ? ಅಲ್ಲಿನ ತಂಡ ಹುಟ್ಟಿ ಆರನೇ ಸೀಸನ್ನಿಗೆ, 2023ರಲ್ಲಿ, ಕಪ್ ಎತ್ತಿತು. ಇವತ್ತು ಟೊರೊಂಟೊ ತಂಡದ ದೊಡ್ಡ ಹೆಸರು ಆಸ್ಟನ್ ಮ್ಯಾಥ್ಯೂಸ್ ಬೆಳೆದದ್ದು ಫೀನಿಕ್ಸಿನ ಪಕ್ಕದ ಸ್ಕಾಟ್ಸ್‌ಡೇಲಿನಲ್ಲಿ, ಚಿಕ್ಕ ಹುಡುಗನಾಗಿ ಇದೇ ಕಯೋಟೀಸ್ ಪಂದ್ಯ ನೋಡಿಕೊಂಡು. 2016ರಲ್ಲಿ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಇಡೀ ಲೀಗಿನ ಮೊದಲ ಆಯ್ಕೆ ಅವನೇ. ಮರಳಿನಲ್ಲಿ ಬೆಳೆ ಬಂತು. ಹೊಲ ಮಾರಿಕೊಂಡವರು ಬೇರೆ.

ಮಾರಿದ ರೀತಿ ನೆನೆಸಿಕೊಂಡರೆ ನಗು ನಿಂತುಹೋಗುತ್ತದೆ. 2024ರ ಏಪ್ರಿಲ್ 12. ತಂಡ ಎಡ್ಮಂಟನ್‌ನಲ್ಲಿತ್ತು, ಅಂದು ಅಲ್ಲಿ ಪಂದ್ಯ. ಅಲ್ಲಿಯೇ ಆಟಗಾರರಿಗೆ ನಾವು ಯೂಟಾಕ್ಕೆ ಹೋಗುತ್ತಿದ್ದೇವೆ ಅಂತ ಹೇಳಿದರು. ಹೆಂಡತಿ ಮಕ್ಕಳು, ಮನೆ, ಶಾಲೆ ಎಲ್ಲ ಅರಿಜೋನಾದಲ್ಲಿ. 17ನೇ ತಾರೀಕು ಟೆಂಪಿಯಲ್ಲಿ ಕೊನೆ ಪಂದ್ಯ, ಎಡ್ಮಂಟನ್ ವಿರುದ್ಧವೇ, 5-2ರಲ್ಲಿ ಗೆದ್ದರು. ಸೀಸನ್ ಮುಗಿದಾಗ 36 ಗೆಲುವು. ಮಾರನೇ ದಿನ ಲೀಗಿನ ಮಾಲೀಕರು ಒಮ್ಮತದಿಂದ ಮಾರಾಟಕ್ಕೆ ಒಪ್ಪಿಗೆ ಕೊಟ್ಟರು. ಒಂದು ದಿನವೂ ತಡ ಇಲ್ಲ. ಇಪ್ಪತ್ತು ವರ್ಷ ಒಂದು ಸ್ಟೇಡಿಯಂ ಸಮಸ್ಯೆ ಬಗೆಹರಿಸಲಾಗದ ಜನ ಒಂದೇ ದಿನದಲ್ಲಿ 120 ಕೋಟಿ ಡಾಲರ್ ವ್ಯವಹಾರ ಮುಗಿಸಿದರು. ಅದರಲ್ಲಿ 100 ಕೋಟಿ ಮಾಲೀಕ ಅಲೆಕ್ಸ್ ಮೆರುವೆಲೊಗೆ. 20 ಕೋಟಿ ಉಳಿದ ಮಾಲೀಕರಿಗೆ ಹಂಚಿಕೆ. ವಿನಿಪೆಗ್‌ನಿಂದ ಬಂದ ದಿನದಿಂದ ಟಿಕೆಟ್ ಕೊಂಡು, ಜರ್ಸಿ ಕೊಂಡು, ದಿವಾಳಿಯಾದಾಗಲೂ ಬಿಡದೆ, 4,600 ಸೀಟಿನ ಜಾಗಕ್ಕೂ ಬಂದು ಕೂಗಿದವರಿಗೆ ಏನು ಸಿಕ್ಕಿತು? ಏನೂ ಇಲ್ಲ. ಗ್ಲೆಂಡೇಲಿಗೆ ಒಂದು ಡಾಲರ್ ವಾಪಸ್ ಬಂತಾ? ಇಲ್ಲ. ಇದನ್ನು ಹಾಸ್ಯ ಮಾಡಿ ಮಾಡಿ ನನಗೂ ಸುಸ್ತಾಗಿದೆ. ಇದು ಸುಲಿಗೆ, ಅಷ್ಟೇ.

ಕಾನೂನಿನ ತಮಾಷೆ ಇನ್ನೂ ಇದೆ. ಆಟಗಾರರು, ಕೋಚು, ಒಪ್ಪಂದ ಎಲ್ಲ ಯೂಟಾಕ್ಕೆ ಹೋದರೂ ತಂಡ ಹೋಗಿಲ್ಲವಂತೆ. ಹೆಸರು, ಲೋಗೊ, ಇತಿಹಾಸ ಮೆರುವೆಲೊ ಹತ್ತಿರವೇ ಉಳಿಯುತ್ತದೆ, ಐದು ವರ್ಷದೊಳಗೆ ಸ್ಟೇಡಿಯಂ ಕಟ್ಟಿದರೆ ಹೊಸ ತಂಡ ಅಂತ ಆಗಿನ ಮಾತು. ಅದಕ್ಕಾಗಿ ಫೀನಿಕ್ಸಿನ ಉತ್ತರ ಭಾಗದಲ್ಲಿ 95 ಎಕರೆ ಸರ್ಕಾರಿ ಜಮೀನಿನ ಹರಾಜು, ಅದೇ ವರ್ಷ ಜೂನ್ 27ಕ್ಕೆ. ಆರು ದಿನ ಮೊದಲು ಸರ್ಕಾರ ಹರಾಜು ರದ್ದು ಮಾಡಿತು. ಮೆರುವೆಲೊ ಕೂಡ ಕೈ ತೊಳೆದುಕೊಂಡರು.

ಈಗ ಸಾಲ್ಟ್ ಲೇಕ್ ಸಿಟಿ. ಅಲ್ಲಿನ ಡೆಲ್ಟಾ ಸೆಂಟರ್ ಬಾಸ್ಕೆಟ್‌ಬಾಲಿಗೆ ಕಟ್ಟಿದ್ದು. ಮೊದಲ ಸೀಸನ್ನಿನಲ್ಲಿ ಐಸ್ ರಿಂಕು ಹಾಸಿದಾಗ ಎಷ್ಟೋ ಸೀಟಿನಿಂದ ಒಂದು ಕಡೆಯ ಗೋಲು ಕಾಣುತ್ತಲೇ ಇರಲಿಲ್ಲ. 'ಒಂದು ಗೋಲು ಕಾಣುವ ಸೀಟು' ಅಂತಲೇ ಟಿಕೆಟ್ ಮಾರಿದರು, ಪ್ರಾಮಾಣಿಕತೆಗೆ ಮೆಚ್ಚಬೇಕು. 1996ರಲ್ಲಿ ಫೀನಿಕ್ಸಿಗೆ ಬಂದಾಗಲೂ ಇದೇ ಕಥೆ, ಬಾಸ್ಕೆಟ್‌ಬಾಲ್ ಅರೀನಾ, ಗೋಲು ಕಾಣದ ಸೀಟು, ಅದಕ್ಕೇ ಗ್ಲೆಂಡೇಲಿಗೆ ಹೋದದ್ದು. ಇಲ್ಲಿ ರಿಪೇರಿ ನಡೆದಿದೆ. ಅದಕ್ಕೂ ಸುತ್ತಲಿನ ಅಭಿವೃದ್ಧಿಗೂ ಅಂತ ನಗರದ ಮಾರಾಟ ತೆರಿಗೆ ಶೇ. 0.5 ಜಾಸ್ತಿಯಾಗಿದೆ, 2025ರ ಜನವರಿ 1ರಿಂದ. 90 ಕೋಟಿ ಡಾಲರ್‌ವರೆಗೂ ಸಾರ್ವಜನಿಕರ ದುಡ್ಡು. ಟೆಂಪಿಯಲ್ಲಿ ಜನರನ್ನು ಕೇಳಿ ಕೆಟ್ಟರಲ್ಲ, ಇಲ್ಲಿಯವರು ಬುದ್ಧಿವಂತರು. ನಗರಸಭೆಯಲ್ಲೇ ಕೈ ಎತ್ತಿ ಮುಗಿಸಿದರು, ಮತಪೆಟ್ಟಿಗೆ ತರಲೇ ಇಲ್ಲ.